ಮಣ್ಣಿನಲ್ಲಿಲ್ಲದ ಕೆಂಪು

ಉತ್ಖನನದ ಶಿಬಿರದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ‘ಒಲೆಯಕ್ಕ’ ಎಂದೇ. ನೆಲದಡಿಯಿಂದ ಬೆಳಕಿಗೆ ಬಂದ ಪ್ರಾಚೀನ ಒಲೆಗಳನ್ನು ಅಳೆದು ಕಾಗದಕ್ಕಿಳಿಸುವುದು ಆಕೆಯ ಕಸುಬು. “ಊರವರ ಒಲೆಯನ್ನೆಲ್ಲ ಬರೀತೀಯ, ನಮ್ಮನೇದು ಹಚ್ಚೋಕೆ ಮಾತ್ರ ನಾನೇ ಬೇಕು” ಎಂದು ಅತ್ತೆ ಚುಚ್ಚಿದರೆ, “ಚೆನ್ನಾಗಿ ಹಚ್ಚಿ ಅತ್ತೆ, ಮುಂದೊಂದು ಕಾಲಕ್ಕೆ ಅದನ್ನೂ ಯಾರಾದ್ರೂ ಬರೀತಾರೆ” ಎನ್ನುತ್ತ ಚಪ್ಪಲಿ ಮೆಟ್ಟುತ್ತಿದ್ದಳು.

ಆ ವರ್ಷ ಅತ್ತೆಯ ಮಾತಿನ ಮೊನೆ ಮೊಂಡಾಗಿತ್ತು. ಸೊಸೆ ಬರೆದ ಒಲೆಯೊಂದು ಉತ್ಖನನದ ವರದಿಯ ಮೊದಲ ಪುಟಕ್ಕೆ ಆಯ್ಕೆಯಾಗಿ, ಅದರ ಕೆಳಗೆ ಅವಳ ಹೆಸರೂ ಅಚ್ಚಾಗಲಿತ್ತು. ಅಷ್ಟು ವರ್ಷ ಆಕೆಯ ಗೆರೆಗಳೆಲ್ಲ ಹೆಸರಿಲ್ಲದೆಯೇ ಪುಸ್ತಕ ಸೇರಿದ್ದವು. ಅತ್ತೆ ಅಕ್ಕಪಕ್ಕದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು.

ಒಲೆಯನ್ನು ದಾಖಲಿಸುವುದೆಂದರೆ ಅದನ್ನು ಇಲ್ಲವಾಗಿಸುವುದೂ ಹೌದು. ಮೊದಲು ಅರ್ಧವನ್ನು ಕೆರೆದು ತೆಗೆದು, ಉಳಿದರ್ಧದ ಸೀಳುಮುಖದಲ್ಲಿ ಕಾಣುವ ಬೂದಿ, ಇದ್ದಿಲು, ಸುಟ್ಟ ಮಣ್ಣಿನ ಪದರಗಳನ್ನು ಬರೆದುಕೊಳ್ಳಬೇಕು. ಆಮೇಲೆ ಆ ಅರ್ಧವೂ ಹೋಗುತ್ತದೆ. ಕಾಗದದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಲು ಒಲೆಯೇ ಇರುವುದಿಲ್ಲ.

ಮೊದಲ ಪುಟಕ್ಕೆ ಹೋಗಲಿದ್ದ ಒಲೆಯ ಉಳಿದರ್ಧವನ್ನು ತೆಗೆಯಬೇಕಿದ್ದ ಬೆಳಿಗ್ಗೆ ಆಕೆ ಚಿತ್ರವನ್ನು ಕುಳಿಯೊಂದಿಗೆ ಇನ್ನೊಮ್ಮೆ ತಾಳೆ ನೋಡಿದಳು. ಬೂದಿ ಸರಿ, ಕಲ್ಲುಗಳೂ ಸರಿ. ಬೂದಿಯಡಿಗೆ ತಾನು ಬಣ್ಣದ ಪೆನ್ಸಿಲಿನಲ್ಲಿ ಬಳಿದ ಕೆಂಪು ಪಟ್ಟಿ ಮಾತ್ರ ಮಣ್ಣಿನಲ್ಲಿ ಕಾಣಲಿಲ್ಲ. ಬಣ್ಣ ಎದ್ದು ಕಾಣಲೆಂದು ನೀರು ಚಿಮುಕಿಸಿದಳು. ಮಣ್ಣು ಹಳದಿಯಾಗಿಯೇ ಉಳಿಯಿತು. ಅಲ್ಲಿನ ಮಣ್ಣಿನ ಮೇಲೆ ಬಹುಕಾಲ ಬೆಂಕಿ ಉರಿದಿದ್ದರೆ ಅದು ಕೆಂಪಾಗಬೇಕಿತ್ತು. ಅಷ್ಟೊಂದು ಒಲೆಗಳಿಗೆ ಕೆಂಪು ಬಳಿದು ಪಳಗಿದ ಕೈ, ಕಣ್ಣನ್ನು ಕೇಳದೆ ಇದಕ್ಕೂ ಬಳಿದುಬಿಟ್ಟಿತ್ತು.

ಸುಮ್ಮನಿದ್ದರೆ ಮಧ್ಯಾಹ್ನದೊಳಗೆ ಸಾಕ್ಷಿಯೆಲ್ಲ ಬುಟ್ಟಿ ಸೇರುತ್ತಿತ್ತು; ಹೆಸರು ಅಚ್ಚಾಗುತ್ತಿತ್ತು. ಆದರೆ ಆ ಹೆಸರಿಗಿಂತ ಹೆಚ್ಚಾಗಿ ಆಕೆಯ ತಲೆಯನ್ನು ಕೊರೆಯತೊಡಗಿದ್ದು ಬೇರೊಂದು ಪ್ರಶ್ನೆ: ಇದು ಒಲೆಯಲ್ಲದಿದ್ದರೆ ಮತ್ತೇನು?

“ಮೇಡಂ, ಸ್ವಲ್ಪ ಇಳಿದು ಬನ್ನಿ. ನಾನು ಇಲ್ಲದ ಕೆಂಪು ಬರೆದಿದ್ದೀನಿ.”

ಉತ್ಖನನದ ಮುಖ್ಯಸ್ಥೆ ಇಳಿದು, ಮಂಡಿಯೂರಿ ನೋಡಿದರು. “ಚಿತ್ರ ನೋಡಿ ತಲೆ ಆಡಿಸಿದ್ದು ನಾನೇ ಅಲ್ವಾ. ಇಬ್ಬರಿಗೂ ಒಲೆ ಬೇಕಿತ್ತು, ಕಂಡುಬಿಡ್ತು.”

“ಬೆಂಕಿ ಸಣ್ಣದಿತ್ತು ಅಂತ ಇಟ್ಕೊಂಡ್ರೆ?” ಒಲೆಯಕ್ಕನಿಗೆ ಇನ್ನೂ ಆಸೆ.

“ಇಷ್ಟು ಬೂದಿಗೆ ಸಣ್ಣ ಬೆಂಕಿನಾ? ಕಲ್ಲು ಹೊರಳಿಸಿ ನೋಡೋಣ.”

ಬೆಂಕಿಯತ್ತ ಇರಬೇಕಿದ್ದ ಮಸಿ ಒಂದು ಕಲ್ಲಿನಲ್ಲಿ ನೆಲದ ಕಡೆಗಿತ್ತು. ಇನ್ನೊಂದರದು ಬೂದಿಗೆ ಬೆನ್ನು ಹಾಕಿತ್ತು. ಬೇರೆಲ್ಲೋ ಉರಿದ ಒಲೆಯನ್ನು ಯಾರೋ ಕಿತ್ತು, ತಣ್ಣಗಾದ ಬೂದಿಯನ್ನು ಕಲ್ಲುಸಮೇತ ಇಲ್ಲಿ ಸುರಿದಂತಿತ್ತು.

“ಮೊದಲ ಪುಟ ಹೋಯ್ತಲ್ಲ, ಒಲೆಯಕ್ಕ.”

“ಹೋಗ್ಲಿ ಬಿಡಿ” ಎಂದಳು. ದನಿ ಮಾತ್ರ ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿರಲಿಲ್ಲ. “ನಮ್ಮತ್ತೆ ಪಾಡು ನೋಡಿ. ಎಲ್ಲ ಮನೆಗೂ ಇನ್ನೊಂದು ಸುತ್ತು ಹೊಡೀಬೇಕು.”

ರಬ್ಬರಿನಿಂದ ಕೆಂಪನ್ನು ಅಳಿಸಿ, ‘ಒಲೆ’ ಎಂದಿದ್ದಲ್ಲಿ ‘ಬೂದಿ ಸುರಿದ ಕುಳಿ’ ಎಂದು ಬರೆದಳು. ಅಳಿಸಿದ ಜಾಗ ಕೊಂಚ ಮಾಸಲಾಯಿತು. ಕಣ್ಣು ಆಗಲೇ ಕುಳಿಯ ಮೇಲ್ಬದಿಯಲ್ಲಿ ಇನ್ನೂ ಅಗೆಯದೆ ಉಳಿದಿದ್ದ ದಿಬ್ಬದ ಮೇಲಿತ್ತು.

“ಇಷ್ಟು ಭಾರ ಹೊತ್ತೋರು ಮೇಲಿಂದ ಕೆಳಗೆ ಇಳಿದಿರ್ತಾರೆ, ಹತ್ತಿ ಬಂದಿರಲ್ಲ. ಅಲ್ವಾ ಮೇಡಂ?”

“ಅದು ಊಹೆ.”

“ಊಹೆನೇ. ಅದಕ್ಕೇ ಆ ದಿಬ್ಬ ಅಗೀರಿ ಅಂತಿರೋದು. ಒಲೆ ಕೀಳೋ ಅಂಥದ್ದು ಅಲ್ಲಿದ್ದ ಮನೇಲಿ ಏನಾಯ್ತು ಅಂತ ನೋಡ್ಬೇಕಲ್ಲ.”