ಎರಡನೆಯ ಬ್ರೇಕು

ನಮ್ಮಕ್ಕನಿಗೆ ಊರಿಟ್ಟ ಹೆಸರು ಬ್ರೇಕಕ್ಕ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವಳ ಕಸುಬು. ಆ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಎರಡು ಪೆಡಲುಗಳಿವೆ: ಎಡಗಾಲಿಗೆ ಕ್ಲಚ್ಚು, ಬಲಗಾಲಿಗೆ ಬ್ರೇಕು. ಆಕ್ಸಿಲರೇಟರ್ ಇಲ್ಲ. ಓಡಿಸುವುದು ಅವರ ಪಾಡು, ನಿಲ್ಲಿಸುವುದು ನನ್ನ ಪಾಡು ಎನ್ನುತ್ತಾಳೆ. ಅರ್ಧ ಊರಿಗೆ ಕಲಿಸಿದರೂ ಕಾರಿಗೆ ಒಂದು ಗೀರು ಬೀಳಿಸಿಕೊಂಡವಳಲ್ಲ. ಆ ಹೆಮ್ಮೆ ಅವಳ ನಡಿಗೆಯ ಸದ್ದಿನಲ್ಲೇ ಕೇಳಿಸುತ್ತದೆ.

ಸದ್ದು ಎಂದೆ. ನನ್ನ ಕಣ್ಣಿಗೆ ಹುಟ್ಟಿದಾಗಿನಿಂದ ಬೆಳಕು, ನೆರಳು ಬಿಟ್ಟರೆ ಬೇರೇನೂ ತಿಳಿಯದು. ಆಸ್ಪತ್ರೆಯ ಫೋನ್ ಕೌಂಟರಿನಲ್ಲಿ ನನ್ನ ಕೆಲಸ. ಅಮ್ಮ ಹೋದ ಮೇಲೆ ಮಹಡಿಯ ಎರಡು ಕೋಣೆಗಳಲ್ಲಿ ನಾವಿಬ್ಬರೇ. ಬೆಳಿಗ್ಗೆ ನನ್ನನ್ನು ಬಿಡುವುದೂ ಸಂಜೆ ಕರೆತರುವುದೂ ಅಕ್ಕನ ಕಾರೇ. ಆದರೆ ಸ್ಟೀರಿಂಗ್ ಹಿಡಿಯುವುದು ಅವಳಲ್ಲ, ಅವತ್ತಿನ ಶಿಷ್ಯರು. ಒಂದೇ ಕಲ್ಲಿಗೆ ಎರಡು ಹಕ್ಕಿ! ಈ ಊರಿನ ಬ್ಯಾಂಕ್ ಮ್ಯಾನೇಜರು, ಹಲ್ಲಿನ ಡಾಕ್ಟರಮ್ಮ, ದರ್ಜಿ, ಎಲ್ಲರೂ ಕ್ಲಚ್ ಬಿಡುವುದನ್ನು ಕಲಿತದ್ದು ಹಿಂದಿನ ಸೀಟಿನಲ್ಲಿದ್ದ ನನ್ನ ಕತ್ತಿನ ಮೇಲೆ.

"ನೋಡಿ ಸಾರ್, ಹಿಂದೆ ನನ್ನ ತಂಗಿ ಇದ್ದಾಳೆ," ಎಂದು ಅಕ್ಕ ಎಲ್ಲರಿಗೂ ಹೇಳುವಳು. "ಮೊಟ್ಟೆ ತುಂಬಿದ ಬುಟ್ಟಿ ಅನ್ಕೊಂಡು ಓಡಿಸಿ."

ಮೊಟ್ಟೆಯಂತೆ! ಮೈಯೆಲ್ಲ ಉರಿದುಹೋಗುತ್ತಿತ್ತು. ನಲವತ್ತು ದಾಟಿದ ಹೆಂಗಸು ನಾನು. ಆದರೂ ಒಂದು ಜೊತೆ ಚಪ್ಪಲಿ ಕೊಳ್ಳಬೇಕಾದರೆ, ಗೆಳತಿಯ ಮನೆಗೆ ಹೋಗಬೇಕಾದರೆ ಅಕ್ಕನ ಪಾಠದ ಹೊತ್ತು ನೋಡಿಕೊಳ್ಳಬೇಕು. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ವಾಪಸ್ಸು? ಇಷ್ಟಕ್ಕೆ ಉತ್ತರ ಕೊಡದೆ ಹೊಸ್ತಿಲು ದಾಟಿದ ದಿನ ನನ್ನ ಬದುಕಿನಲ್ಲಿ ಒಂದೂ ಇರಲಿಲ್ಲ. ಅಂಥ ಒಂದು ದಿನ ನನಗೆ ಬೇಕಿತ್ತು, ಅಷ್ಟೇ.

ಹೀಗಿರುವಾಗ ಊರಿಗೆ ಡ್ರೈವರಿಲ್ಲದ ಟ್ಯಾಕ್ಸಿಗಳು ಬಂದವು. ಫೋನಿಗೆ ಹೇಳಿದರೆ ಮನೆ ಮುಂದೆ ಬಂದು ನಿಲ್ಲುತ್ತವೆ, ಬಾಗಿಲು ಯಾವ ಕಡೆಗಿದೆ ಎಂದು ಸದ್ದು ಮಾಡಿ ತಿಳಿಸುತ್ತವೆ. ಲೈಸೆನ್ಸೂ ಬೇಡ, ಕಣ್ಣೂ ಬೇಡ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಯಂತ್ರದ ಕೈಗೆ ಸ್ಟೀರಿಂಗ್ ಕೊಟ್ಟರೆ ಅಪಘಾತವೇನೋ ಕಡಿಮೆಯಾಗಬಹುದು, ನಮ್ಮ ಸ್ವಾತಂತ್ರ್ಯದ ಗತಿಯೇನು ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಲ್ಲರೂ ಗೋಳಾಡುತ್ತಿದ್ದರು. ಕಳೆದುಕೊಳ್ಳಲು ಇದ್ದವರಿಗೆ ತಾನೇ ಆ ಚಿಂತೆ! ನನಗೆ ಸ್ವಾತಂತ್ರ್ಯ ಈಗಷ್ಟೇ ಬರುತ್ತಿತ್ತು.

ಅಕ್ಕ ಸುತರಾಂ ಒಪ್ಪಲಿಲ್ಲ. "ಮನುಷ್ಯರು ಓಡಿಸಿದ್ರೇ ನಂಬಲ್ಲ ನಾನು. ಇದನ್ನ ನಂಬ್ತೀನಾ?"

"ನಿನ್ನ ಶಿಷ್ಯರಿಗಿಂತ ವಾಸಿ ಇರುತ್ತೆ ಬಿಡು," ಎಂದೆ.

ಕೆಲವು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಹಾವೂ ಸಾಯದ ಕೋಲೂ ಮುರಿಯದ ಉಪಾಯವನ್ನು ಅವಳೇ ಹುಡುಕಿದಳು. ಟ್ಯಾಕ್ಸಿಯ ಆ್ಯಪ್‌ನಲ್ಲಿ ಮನೆಯವರೊಬ್ಬರನ್ನು ಕಾವಲಿಗೆ ಇಡಬಹುದು. ಕಾರು ಎಲ್ಲಿದೆಯೆಂದು ಅವರ ಫೋನಿನಲ್ಲಿ ಕಾಣುತ್ತದೆ, ಬೇಕೆನಿಸಿದರೆ ಅಲ್ಲಿಂದಲೇ ನಿಲ್ಲಿಸಲೂಬಹುದು. ನಾನು ಹೂಂ ಎಂದುಬಿಟ್ಟೆ. ಬ್ರೇಕಕ್ಕನ ಕೈಗೆ ಇನ್ನೊಂದು ಬ್ರೇಕು ಕೊಟ್ಟ ನನ್ನ ಬುದ್ಧಿಗೆ ಏನು ಹೇಳಬೇಕು!

ಮೊದಲ ದಿನ ಆಸ್ಪತ್ರೆಗೆ ಹೊರಟೆ. ಕಾರು ಎಷ್ಟು ಮೆತ್ತಗೆ ಸಾಗಿತೆಂದರೆ ನನ್ನ ಕತ್ತು ಇದ್ದಲ್ಲೇ ಇತ್ತು. ಮೊದಲ ತಿರುವಿನಲ್ಲಿ ಪಕ್ಕಕ್ಕೆ ಸರಿದು ನಿಂತಿತು. ಮತ್ತೆ ಹೊರಟು ಸೇತುವೆಯ ಮುಂದೆ ನಿಂತಿತು. ಮಾರ್ಕೆಟ್ಟಿನ ಹತ್ತಿರ ಇನ್ನೊಮ್ಮೆ ನಿಂತಾಗ ಅಕ್ಕನಿಗೆ ಫೋನ್ ಮಾಡಿದೆ.

"ಏನಕ್ಕಾ ನಿಂದು?"

"ಅಲ್ಲಿ ಲಾರಿ ಜಾಸ್ತಿ ಕಣೇ. ಸ್ವಲ್ಪ ನಿಂತು ಹೋಗ್ಲಿ ಅಂತ."

"ಲಾರಿ ಕಾರಿಗೆ ಕಾಣ್ಸುತ್ತೆ. ಅಡುಗೆಮನೇಲಿ ಕೂತಿರೋ ನಿನಗೆ ಕಾಣ್ಸುತ್ತಾ?"

ಅವತ್ತೇ ಸಂಜೆ ಕಾವಲಿನಿಂದ ಅವಳ ಹೆಸರು ತೆಗೆದುಹಾಕಿ, ಹಾಗೆಂದು ಅವಳ ಮುಖಕ್ಕೇ ಹೇಳಿದೆ. ಅವಳು ನನ್ನ ತಟ್ಟೆಗೆ ಅನ್ನ ಬಡಿಸಿದಳು. ಅಕ್ಕ ಜಗಳಕ್ಕೆ ಬರಲಿಲ್ಲ ಎಂದರೆ ಒಳಗೆ ಏನೋ ಬೇಯುತ್ತಿದೆ ಎಂದೇ ಅರ್ಥ.

ಭಾನುವಾರ ರಜೆ. ಎಲ್ಲಿಗೆಂದು ಹೇಳದೆ ಟ್ಯಾಕ್ಸಿ ಹತ್ತಿದೆ. ದೊಡ್ಡ ಸರ್ಕಲ್ಲಿನ ಹತ್ತಿರ, ಯಾರೋ ರಸ್ತೆ ದಾಟುತ್ತಿದ್ದಾರೆಂದು ನನಗೆ ತಿಳಿಸಿ ಅದು ಹದವಾಗಿ ನಿಂತಿತು. ಮರುಕ್ಷಣ ಹಿಂದಿನಿಂದ ಧಡ್ ಎಂದು ಗುದ್ದು. ಬೆನ್ನು ಸೀಟಿಗೆ ಅಪ್ಪಳಿಸಿತು. ಪೆಟ್ಟಾಯಿತೇ ಎಂದು ಕಾರು ಕೇಳುತ್ತಿರುವಾಗಲೇ ಹೊರಗೆ ಓಡಿ ಬರುವ ಹೆಜ್ಜೆ ಕೇಳಿಸಿತು. ಆ ಹೆಜ್ಜೆ ನನಗೆ ಗೊತ್ತಾಗದೇ?

"ಎಲ್ಲಿ ಪೆಟ್ಟಾಯ್ತೇ? ಮಾತಾಡೇ!" ಅಕ್ಕ ಬಾಗಿಲು ತೆಗೆದು ನನ್ನ ತಲೆ, ಕತ್ತು, ಕೈ ತಡವುತ್ತಿದ್ದಳು.

"ನನಗೇನೂ ಆಗಿಲ್ಲ. ನೀನಿಲ್ಲಿ ಏನ್ ಮಾಡ್ತಿದ್ದೀಯ?"

ಮನೆಯಿಂದಲೇ ಸ್ಕೂಲ್ ಕಾರಿನಲ್ಲಿ ಹಿಂಬಾಲಿಸಿದ್ದಾಳೆ, ಶಿಷ್ಯರಿಲ್ಲದೆ, ತಾನೇ ಸ್ಟೀರಿಂಗ್ ಹಿಡಿದು. ಟ್ಯಾಕ್ಸಿ ನಿಂತದ್ದು ಕಂಡು ಗಾಬರಿಯಲ್ಲಿ ಬ್ರೇಕು ತುಳಿದಿದ್ದಾಳೆ. ಆದರೆ ಇಷ್ಟು ವರ್ಷ ಪಕ್ಕದ ಸೀಟಿನಲ್ಲೇ ಪಳಗಿದ ಕಾಲು ಅದು. ಅದು ಬಲ್ಲ ಬ್ರೇಕು ಬಲತುದಿಯ ಪೆಡಲು. ಸ್ಟೀರಿಂಗಿನ ಹಿಂದೆ ಕುಳಿತವರಿಗೆ ಬಲತುದಿಯಲ್ಲಿರುವುದು ಆಕ್ಸಿಲರೇಟರ್.

"ನಿನ್ನ ಕಾಪಾಡೋಕೆ ಅಂತ ಬಂದೆ ಕಣೇ," ಎಂದು ಬಿಕ್ಕಿದಳು. "ನಾನೇ ಬಂದು ಗುದ್ದಿದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇರೆ ದಿನವಾಗಿದ್ದರೆ ಆಡಿಕೊಂಡು ನಗುತ್ತಿದ್ದೆ. ಆದರೆ ಅಕ್ಕ ಅತ್ತದ್ದನ್ನು ಅಮ್ಮ ಹೋದಾಗ ಬಿಟ್ಟರೆ ನಾನು ಕೇಳಿಯೇ ಇರಲಿಲ್ಲ. ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು. ಅವಳ ಕೈ ಹಿಡಿದುಕೊಂಡೆ.

"ಅಕ್ಕಾ, ಲೈಸೆನ್ಸ್ ಸಿಕ್ಕಿದ್ಮೇಲೂ ನಿನ್ನ ಶಿಷ್ಯರ ಪಕ್ಕ ಕೂರ್ತೀಯಾ?"

"ಇಲ್ಲ."

"ಅವರು ಎಲ್ಲೂ ಗುದ್ದಲ್ವಾ?"

"ಗುದ್ದೋರು ಗುದ್ತಾರೆ."

"ಮತ್ತೆ?"

"ಅವರು ನನ್ನ ತಂಗಿ ಅಲ್ವಲ್ಲ."

"ನನಗೂ ಭಯ ಇದೆ," ಎಂದೆ. "ಆದ್ರೂ ಹೋಗ್ಬೇಕು. ಭಯ ನಂದು ತಾನೇ, ದಾರೀನೂ ನಂದೇ ಆಗ್ಲಿ."

ಬಂಪರ್ ಜಜ್ಜಿದ ಟ್ಯಾಕ್ಸಿ ಮುಂದೆ ಹೋಗಲೊಪ್ಪದೆ ಇನ್ನೊಂದನ್ನು ಕರೆಸಿತು. ಅಕ್ಕನೇ ಮೊಣಕೈ ಹಿಡಿದು ನನ್ನನ್ನು ಅದರೊಳಗೆ ಕೂರಿಸಿದಳು. ಬಾಗಿಲು ಮುಚ್ಚದೆ ಅಲ್ಲೇ ನಿಂತಳು. "ಎಲ್ಲಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಊಟಕ್ಕೆ ಬರ್ತೀಯಾ? ಅಷ್ಟು ಮಾತ್ರ ಹೇಳು."

"ಗೊತ್ತಿಲ್ಲ ಅಕ್ಕಾ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಸರಿ. ನನ್ನೊಬ್ಬಳಿಗೇ ಅಡುಗೆ ಮಾಡ್ಕೋತೀನಿ," ಎಂದು ಅವಳು ಬಾಗಿಲನ್ನು ಹೊರಗಿನಿಂದ ಮುಚ್ಚಿದಳು.