ಕಾಡಿನಲ್ಲಿ ಏಕಾದಶಿ

ಆ ಬೇಸಿಗೆ ರಜೆಗೆ ಮುಳಬಾಗಿಲಿಗೆ ಬಂದ ನನ್ನ ನಾದಿನಿ ಟ್ರಂಕಿನೊಳಗೆ ಒಂದು ಆಟ ತಂದಿದ್ದಳು. ಎಂಬತ್ತರ ದಶಕದ ಮಾತು. ಬೆಂಗಳೂರಿನ ಹಾಸ್ಟೆಲಿನಲ್ಲಿ ಅವಳ ಜೊತೆಯ ಹುಡುಗಿಗೆ ಹೊರದೇಶದ ನೆಂಟರು ಕೊಟ್ಟಿದ್ದ ಪುಸ್ತಕ ನೋಡಿ ಕಲಿತದ್ದಂತೆ. ನಿಯಮಗಳನ್ನೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಒಬ್ಬರು ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರಾಗಿ ಹೊಕ್ಕು, ನಾನು ಹೀಗೆ ಮಾಡುತ್ತೇನೆ ಎನ್ನಬೇಕು. ಅದು ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ.

ನಮ್ಮ ಮನೆಯಲ್ಲಿ ದಾಳ ಎಲ್ಲಿಂದ ಬರಬೇಕು? ಚೌಕಾಬಾರದ ನಾಲ್ಕು ಕವಡೆ ಇದ್ದವು, ಅವನ್ನೇ ಇಟ್ಟುಕೊಂಡೆವು. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು. ನಾಲ್ಕೂ ಬೋರಲು ಬಿದ್ದರೆ ಎಂಟು. ಈ ಎಂಟಿನ ವಿಷಯಕ್ಕೆ ನಮ್ಮ ಅತ್ತೆ ಬೀದಿಯ ಅರ್ಧ ಹೆಂಗಸರ ಜೊತೆ ಜಗಳವಾಡಿದ್ದವರು.

ಆಟಕ್ಕೆ ಅತ್ತೆಯನ್ನು ಕೂರಿಸಿಕೊಂಡದ್ದಕ್ಕೂ ಕಾರಣವಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಆದರೂ ಏಕಾದಶಿ ಬಂತೆಂದರೆ ಒಂದು ಹನಿ ನೀರೂ ಮುಟ್ಟುತ್ತಿರಲಿಲ್ಲ. ಕಳೆದ ಏಕಾದಶಿಯಂದು ತುಳಸಿ ಕಟ್ಟೆಯ ಮುಂದೆ ತಲೆ ಸುತ್ತಿ ಬಿದ್ದಿದ್ದರು. ಕೋಲಾರದ ಡಾಕ್ಟರು, ಇನ್ನೊಂದು ಸಲ ಹೀಗೆ ಮಾಡಿದರೆ ಎಬ್ಬಿಸಲು ನಮ್ಮಿಂದಾಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಮಧ್ಯಾಹ್ನ ಮಲಗಿ ಎಂದೂ ಹೇಳಿದ್ದರು. ಅತ್ತೆ ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಆ ಡಾಕ್ಟ್ರಿಗೇನು ಗೊತ್ತು ಏಕಾದಶಿ?" ಎಂದುಬಿಟ್ಟರು. ನಮ್ಮವರು ಬೇಡಿಕೊಂಡರು, ಆಗಲಿಲ್ಲ. ನಾನೋ ಹಾಲು ಹಣ್ಣಿನಲ್ಲಿ ಏಕಾದಶಿ ಮಾಡುವವಳು. ನಾನು ಉಪವಾಸವಿದ್ದು ಅವರಿಗೆ ತಿನ್ನಿ ಎನ್ನಲು ಬಾಯೇ ಬರುತ್ತಿರಲಿಲ್ಲ. ಮಲಗದಿದ್ದರೆ ಬೇಡ, ಕೂತಾದರೂ ಇರಲಿ ಎಂದು ಪಾತ್ರೆ ತೊಳೆದಾದ ಮೇಲೆ ನಡುಮನೆಯಲ್ಲಿ ಆಟ ಹೂಡಿದೆವು.

ಒಬ್ಬೊಬ್ಬರ ಮುಂದೆ ಹತ್ತು ಹುಣಸೆ ಬೀಜ. ಅದೇ ಮೈಯ ಬಲ; ಮುಗಿದರೆ ಸತ್ತಂತೆ. ನಾನು ಕತ್ತಿ ಹಿಡಿದ ವೀರನಾರಿಯಾದೆ. ಜನ್ಮದಲ್ಲಿ ಈಳಿಗೆಮಣೆ ಬಿಟ್ಟು ಬೇರೇನೂ ಹಿಡಿದವಳಲ್ಲ, ಸಂತೋಷವಾಯಿತು. ಅತ್ತೆಯನ್ನು ರಾಣಿ ಮಾಡುತ್ತೇನೆ ಎಂದಳು ನಾದಿನಿ.

"ರಾಣಿ ಆದ್ರೆ ಅಡುಗೆಮನೆ ಬೇರೆಯವರ ಕೈಲಿರುತ್ತೆ. ಬೇಡಮ್ಮ. ಊಟದ ಚೀಲ ಹೊರೋ ಮುದುಕಿ ಅಂತ ಬರ್ಕೋ. ಅದ್ಸರಿ, ಚೀಲದಲ್ಲಿ ಏನಿದೆ?"

"ಪೊಟ್ಟಣ ಅಮ್ಮ. ದಿನಕ್ಕೊಂದು."

"ಪೊಟ್ಟಣದಲ್ಲಿ?"

"ಊಟ."

"ಊಟ ಅಂದ್ರೆ ಏನೇ? ಯಾರು ಮಾಡಿದ್ದು? ಎಷ್ಟು ದಿನ ಇರುತ್ತೆ?"

ನಾದಿನಿ ನೋಟ್‌ಬುಕ್ ನೋಡಿ ಅಳುಕುತ್ತಲೇ ಓದಿದಳು. "ಒಣಗಿದ ಬ್ರೆಡ್ಡು... ಒಣಗಿದ ಮಾಂಸ."

"ಥೂ! ದೇವರ ಮನೆ ಬಾಗಿಲು ತೆಗೆದಿದೆ!"

ಹೀಗೆ ಮೊದಲ ಮಧ್ಯಾಹ್ನ ನಾವು ಕಾಡಿಗೆ ಹೊರಡಲೇ ಇಲ್ಲ. ಅತ್ತೆ ಚೀಲ ಕಟ್ಟಿಸಿದರು. ರಾಗಿ ಹುರಿಹಿಟ್ಟು ಎರಡು ಸೇರು, ಬೆಲ್ಲದ ಅಚ್ಚು ಆರು, ಉಪ್ಪು ಹುಣಸೆ ಉಂಡೆ, ಶ್ರೀನಿವಾಸಪುರದ ಮಾವಿನ ರಸ ಒಣಗಿಸಿದ ಹಪ್ಪಳ. "ಬೆಲ್ಲ ನನ್ನ ಪಾಲಿಗೆ ಸ್ವಲ್ಪ ಜಾಸ್ತಿ ಬರ್ಕೋ. ಆಟದಲ್ಲಿ ನಂಗೆ ಸಕ್ಕರೆ ಕಾಯಿಲೆ ಇಲ್ಲ ತಾನೆ?" ಎಂದು ಕೇಳಿಕೊಂಡರು. ಒಂದು ದಿನ ಉಣ್ಣದಿದ್ದರೆ ಒಂದು ಬೀಜ ಹೋಗಬೇಕು, ಒಂದು ದಿನ ನೀರಿಲ್ಲದಿದ್ದರೆ ಎರಡು ಹೋಗಬೇಕು ಎಂದು ನಿಯಮ ಮಾಡಿದವರೂ ಅವರೇ. ನಲ್ಲಿಯ ಮುಂದೆ ಬಿಂದಿಗೆ ಸಾಲಿನಲ್ಲಿ ನಿಂತು ತಲೆ ನರೆತವರು. ಹಸಿವಿಗಿಂತ ಬಾಯಾರಿಕೆ ದೊಡ್ಡದು ಎಂದು ಅವರಿಗೆ ಯಾವ ಪುಸ್ತಕವೂ ಹೇಳಬೇಕಾಗಿರಲಿಲ್ಲ.

ನೀರಿಗೆ ಚರ್ಮದ ಚೀಲ ಎಂದಿತ್ತು. ಅದಕ್ಕೂ ತಕರಾರು.

"ಚರ್ಮದಲ್ಲಿ ತುಂಬಿದ ನೀರು ನಾನು ಮುಟ್ಟಲ್ಲ. ಹಿತ್ತಾಳೆ ಚೊಂಬು ಬರ್ಕೋ."

"ಚೊಂಬಿಗೆ ಮುಚ್ಚಳ ಇಲ್ಲಮ್ಮ. ಓಡಿದ್ರೆ ಚೆಲ್ಲುತ್ತೆ."

"ಮಡಿನೀರು ಹಿಡ್ಕೊಂಡು ಯಾರೇ ಓಡ್ತಾರೆ?"

ಕಥೆಯ ಐದನೆಯ ದಿನ ಹುಲಿ ಬಂತು. ಓಡಲೇಬೇಕಾಯಿತು. ಚೊಂಬಿನಲ್ಲಿ ಎಷ್ಟು ಉಳಿಯಿತೆಂದು ನಾದಿನಿ ಕವಡೆ ಎಸೆಯಲು ಹೇಳಿದಳು. ಎರಡು ಬಿತ್ತು. ಎರಡೇ ಗುಟುಕು. "ಆ ಹುಲೀನ ನೀನೇ ತಾನೆ ಕರೆಸಿದ್ದು?" ಎಂದು ಅತ್ತೆ ಮಗಳ ಮೇಲೆ ಹರಿಹಾಯ್ದರು. ಮರುದಿನ ಒಂದು ಬಾವಿ ಸಿಕ್ಕಿತು, ನೀರು ಉಪ್ಪು. ಕುಡಿದವರಿಗೆ ತಲೆಗೊಂದು ಬೀಜ ಕಡಿಮೆ. ಆಟ ಮುಗಿಸಿ ಏಳುವ ಹೊತ್ತಿಗೆ ನಮಗೆಲ್ಲ ನಿಜವಾಗಿಯೂ ಗಂಟಲು ಒಣಗಿರುತ್ತಿತ್ತು. ಎದ್ದು ಹೋಗಿ ಗಡಿಗೆಯಿಂದ ಒಂದು ಲೋಟ ತಣ್ಣೀರು ಬಗ್ಗಿಸಿ ಕುಡಿಯುವಾಗ, ಕೈಗೆಟಕುವಷ್ಟು ಹತ್ತಿರ ನೀರಿಟ್ಟಿದ್ದೀಯಲ್ಲಪ್ಪ ಎಂದು ಸ್ವಾಮಿಗೆ ಕೈ ಮುಗಿದಿದ್ದೇನೆ.

ಕಥೆಯ ಹನ್ನೊಂದನೆಯ ದಿನ ರಾಕ್ಷಸನ ಗುಹೆಯ ಬಾಗಿಲಿಗೆ ಬಂದು ನಿಂತೆವು. ನನ್ನ ಮುಂದೆ ಮೂರೇ ಬೀಜ ಉಳಿದಿದ್ದವು. ದಾರಿಯಲ್ಲಿ ಸಿಕ್ಕ ನೀರಿನಲ್ಲೇ ದಿನ ತಳ್ಳಿ, ಚೊಂಬಿನ ಎರಡು ಗುಟುಕನ್ನು ಅತ್ತೆ ಕಾಪಾಡಿಕೊಂಡು ತಂದಿದ್ದರು. ಬಾಗಿಲು ಒಡೆಯಲು ಕತ್ತಿ ನನ್ನ ಕೈಯಲ್ಲೇ.

"ಅತ್ತಿಗೆ, ಇವತ್ತಿನ ಊಟ, ನೀರು ಹೇಳಿ," ಎಂದಳು ನಾದಿನಿ.

ನಾನು ಬೆರಳು ಎಣಿಸಿದೆ. ಅಮಾವಾಸ್ಯೆಯ ಮರುದಿನ ಹೊರಟೆವು ಎಂದು ಅವಳೇ ಕಥೆ ಶುರುಮಾಡಿದ್ದಳು. ಹನ್ನೊಂದನೆಯ ದಿನ ಎಂದರೆ?

"ನಾನೇನೂ ತಗೊಳಲ್ಲಮ್ಮ. ಕಾಡಿನಲ್ಲಿ ಇವತ್ತು ಏಕಾದಶಿ."

"ಅತ್ತಿಗೇ! ಹಾಲು ಹಣ್ಣೂ ಇಲ್ಲ ಅಲ್ಲಿ. ಊಟಕ್ಕೊಂದು, ನೀರಿಗೆರಡು, ಮೂರೂ ಬೀಜ ಹೋಗುತ್ತೆ. ಸತ್ತೇ ಹೋಗ್ತೀರ!"

"ಏಕಾದಶಿ ದಿನ ಸತ್ರೆ ವೈಕುಂಠ. ಇನ್ನೇನು ಬೇಕು?"

ನನಗೆ ತಮಾಷೆ ಮಾಡುವ ಉದ್ದೇಶವಿರಲಿಲ್ಲ. ತಿಥಿ ತಪ್ಪಿಸಲು ಮನಸ್ಸು ಒಪ್ಪಲಿಲ್ಲ, ಅಷ್ಟೆ. ಆದರೆ ಅತ್ತೆಗೆ ಕೆಂಡದಂಥ ಸಿಟ್ಟು ಬಂತು. ಸಿಟ್ಟು ಬಂದರೆ ಅವರಿಗೆ ತವರಿನ ತೆಲುಗೇ ಮೊದಲು.

"ಊರುಕೋವೇ! ಸುಮ್ನಿರು! ಹನ್ನೊಂದು ದಿನ ಹಿಟ್ಟು ಅಳೆದು ಅಳೆದು ನಿನ್ನ ಇಲ್ಲೀವರೆಗೂ ಕರ್ಕೊಂಡು ಬಂದಿದ್ದು ಬಾಗಿಲಲ್ಲಿ ಸಾಯ್ಲಿ ಅಂತಲಾ? ಮೈಯಲ್ಲಿ ಶಕ್ತಿ ಇಲ್ದೋರಿಗೆ ಏಕಾದಶಿ ಇಲ್ಲ ಕಣೇ. ಹಿರಿಯಳು ಹೇಳ್ತಿದೀನಿ, ಕುಡಿ. ದೇವರು ಕೇಳಿದ್ರೆ ನನ್ನ ಹೆಸರು ಹೇಳು."

ಚೊಂಬು ಎತ್ತಿ ಕೊಡುವ ಹಾಗೆ ಬರಿಗೈಯನ್ನು ನನ್ನ ಮುಖದ ಮುಂದೆ ಚಾಚಿಯೇಬಿಟ್ಟರು. ನಾನು ಕುಡಿದೆ; ಊಟ ಮುಟ್ಟಲಿಲ್ಲವೆಂದು ಒಂದು ಬೀಜ ಮಾತ್ರ ಹೋಯಿತು. ನಾದಿನಿ ನೋಟ್‌ಬುಕ್ ತೆರೆದು ಸರಸರನೆ ಏನೋ ಬರೆದುಕೊಂಡಳು. ಬಾಗಿಲು ನಾಳೆ ಒಡೆಯೋಣ ಎಂದು ಎದ್ದೆವು. ಮರುದಿನ ದಶಮಿ, ಮನೆಯೆಲ್ಲ ಸಾರಿಸಿ ತೊಳೆಯುವ ಕೆಲಸದಲ್ಲಿ ಆಟ ನಡೆಯಲಿಲ್ಲ.

ಅದರ ಮರುದಿನ ನಿಜವಾದ ಏಕಾದಶಿ. ಅತ್ತೆ ಸ್ನಾನ ಮಾಡಿ ಜಪಕ್ಕೆ ಕೂತರು. ನಮ್ಮವರು ಕೋಲಾರದ ಬಸ್ಸಿಗೆ ಹೊರಡುವಾಗ, ಅಮ್ಮನನ್ನು ನೋಡ್ಕೋ ಎಂದು ಕಣ್ಣಿನಲ್ಲೇ ಹೇಳಿ ಹೋದರು. ಮಧ್ಯಾಹ್ನದ ಹೊತ್ತಿಗೆ ತುಳಸಿ ಕಟ್ಟುವ ಅತ್ತೆಯ ಬೆರಳು ನಡುಗತೊಡಗಿತು. ದಾರ ಎರಡು ಸಲ ಜಾರಿತು. ನಾನು ಗೋಧಿ ರವೆಯ ಉಪ್ಪಿಟ್ಟು ಮಾಡಿ, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ನಾದಿನಿ ನೋಟ್‌ಬುಕ್ ತಂದು ಜೋರಾಗಿ ಓದಿದಳು.

"ಮೈಯಲ್ಲಿ ಶಕ್ತಿ ಇಲ್ದೋರಿಗೆ ಏಕಾದಶಿ ಇಲ್ಲ. ಹೇಳಿದವರು, ಊಟದ ಚೀಲದ ಮುದುಕಿ."

"ಅದು ಆಟದ ಮಾತು," ಎಂದರು ಅತ್ತೆ.

ನನಗೆ ಎಲ್ಲಿಂದ ಧೈರ್ಯ ಬಂತೋ. "ಅತ್ತೆ, ನಿಮ್ಮ ಮಾತು ನಂಬಿ ಆ ಹೆಂಗಸು ನೀರು ಕುಡಿದ್ಲು. ದೇವರು ಕೇಳಿದ್ರೆ ನಿಮ್ಮ ಹೆಸರು ಹೇಳು ಅಂದ್ರಿ. ಈಗ ನೀವೇ ಬೇರೆ ಥರ ನಡ್ಕೊಂಡ್ರೆ ಅವಳು ಯಾರ ಹೆಸರು ಹೇಳ್ಬೇಕು?"

ಅತ್ತೆ ಕೈಲಿದ್ದ ತುಳಸಿ, ದಾರ ಕೆಳಗಿಟ್ಟರು. ತೆಲುಗು ಬರಲಿಲ್ಲ. ಕೊನೆಗೆ, "ಕವಡೆ ತಾ. ಎಷ್ಟು ಬೀಳುತ್ತೋ ಅಷ್ಟು ತುತ್ತು. ಅದರ ಮೇಲೆ ಒಂದು ಚೂರೂ ಇಲ್ಲ," ಎಂದರು. ಒಂದೋ ಎರಡೋ ಬೀಳಲಿ ಎಂದು ಅವರ ಪ್ರಾರ್ಥನೆ. ನನ್ನ ಪ್ರಾರ್ಥನೆ ಬೇರೆ ಇತ್ತು. ಇಬ್ಬರದೂ ಒಬ್ಬನೇ ಸ್ವಾಮಿಗೆ.

ಕವಡೆ ಉರುಳಿ ನಿಂತವು. ನಾಲ್ಕೂ ಬೋರಲು.

"ನೋಡಿ, ಒಂದೂ ಅಂಗಾತ ಬಿದ್ದಿಲ್ಲ," ಎಂದರು ಅತ್ತೆ, ಮುಖ ಅರಳಿಸಿ.

"ಅಮ್ಮಾ, ನಾಲ್ಕೂ ಬೋರಲು ಬಿದ್ರೆ ಎಷ್ಟು?"

ಬೀದಿಯ ಹೆಂಗಸರ ಜೊತೆ ಇಷ್ಟು ವರ್ಷ ಹೊಡೆದಾಡಿದ ಲೆಕ್ಕವನ್ನು ಅವರು ಹೇಗೆ ಬಿಟ್ಟುಕೊಟ್ಟಾರು? "ಎಂಟು," ಎಂದರು, ಮೆಲ್ಲಗೆ.

ಕೃಷ್ಣಾರ್ಪಣ ಎನ್ನುತ್ತ ಒಂದೊಂದೇ ತುತ್ತು ತೆಗೆದುಕೊಂಡರು. ಎಂಟನೆಯದಾದ ಮೇಲೆ ನಾನು ನೀರು ತರುತ್ತೇನೆಂದು ಒಳಗೆ ಹೋದೆ. ಬೇಕೆಂದೇ ಸ್ವಲ್ಪ ತಡಮಾಡಿದೆ. ತಿರುಗಿ ಬಂದಾಗ ತಟ್ಟೆಯಲ್ಲಿ ಒಗ್ಗರಣೆಯ ಒಂದು ಸಾಸಿವೆಯೂ ಉಳಿದಿರಲಿಲ್ಲ. ನಾದಿನಿ ಬಾಯಿಗೆ ಸೆರಗು ಹಿಡಿದು ಗೋಡೆ ನೋಡುತ್ತಿದ್ದಳು.

ಕೈ ತೊಳೆದು, ಇಡೀ ಲೋಟ ನೀರು ಕುಡಿದು, ಅತ್ತೆ ಕವಡೆ ಬಾಚಿಕೊಂಡರು.

"ಏನೇ ನಿಂತಿದೀಯ? ಕತ್ತಿ ತಗೋ. ಆ ಬಾಗಿಲು ಹಾಗೇ ಬಿಟ್ಟು ಬಂದಿದೀವಿ."

ಕವಡೆ ಹಿಡಿದ ಕೈ ನಡುಗುತ್ತಿರಲಿಲ್ಲ. ನಾನು ಹೋಗಿ ನನ್ನ ಎರಡು ಹುಣಸೆ ಬೀಜದ ಮುಂದೆ ಕೂತೆ.