ಎಂಜಿನ್ ನಿಲ್ಲಿಸುವ ಗುಂಡಿ ಎಲ್ಲಿರಬೇಕು?

ಬೀಗ ಹಾಕಿದೆನೋ ಇಲ್ಲವೋ ಎಂದು ಚಿಕ್ಕೋಡಿಯ ಬಸ್ ನಿಲ್ದಾಣದಿಂದ ಮನೆಗೆ ಮರಳಿ ನೋಡಿ ಬರುವ ಮನುಷ್ಯ ನಾನು. ಹಾಕಿರುತ್ತೇನೆ. ಮತ್ತೆ ನಿಲ್ದಾಣ ಮುಟ್ಟುವಷ್ಟರಲ್ಲಿ, ಈಗ ನೋಡಿದ್ದು ಇವತ್ತಿನ ಬೀಗವೋ ನಿನ್ನೆಯ ನೆನಪೋ ಎಂಬ ಸಂಶಯ ಶುರುವಾಗುತ್ತದೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದ ಲಾಭ ಇಷ್ಟೇ: ಮೊದಲು ಮಂದಿಯನ್ನು ಮಾತ್ರ ನಂಬುತ್ತಿರಲಿಲ್ಲ, ಈಗ ನನ್ನನ್ನೂ ನಂಬುವುದಿಲ್ಲ. ಇಂಥವನ ಬಳಿಗೆ ಗೆಳೆಯ ಅಪ್ಪಾಸಾಹೇಬ ಬಂದು, ತಾನು ಕಟ್ಟುತ್ತಿರುವ ವಿಮಾನದ ಪ್ಯಾನೆಲ್ಲಿನ ಮೇಲೆ ಯಾವ ಮೀಟರ್ ಎಲ್ಲಿ, ಯಾವ ಗುಂಡಿ ಎಲ್ಲಿ ಎಂದು ಗೊತ್ತುಮಾಡಿ ಕೊಡು ಅಂದ.

ಹೌದು, ವಿಮಾನವೇ. ಅಲಖನೂರಿನ ಅವನ ಕಬ್ಬಿನ ಹೊಲದ ಶೆಡ್ಡಿನಲ್ಲಿ ಒಂದು ಬದಿಗೆ ಟ್ರ್ಯಾಕ್ಟರ್, ಇನ್ನೊಂದು ಬದಿಗೆ ಇಬ್ಬರು ಕೂರುವ ಪುಟ್ಟ ವಿಮಾನದ ಎಲುಬುಗೂಡು. ಅವನು ಮಹಾರಾಷ್ಟ್ರದ ಒಂದು ಕ್ಲಬ್ಬಿನಲ್ಲಿ ಹಾರಾಟ ಕಲಿತು ಬಂದಿದ್ದ. ನನ್ನ ಅರ್ಹತೆಯೆಂದರೆ, ಕಾಲೇಜು ದಿನಗಳಲ್ಲಿ ತರಬೇತಿ ವಿಮಾನವೊಂದರಲ್ಲಿ ಕೆಲವು ಸಲ ಕೂತದ್ದು. ಅಷ್ಟಕ್ಕೇ, ತಾನೊಬ್ಬನೇ ಹಾರಿಸಿ ನೋಡಿದ ಮೇಲೆ ಪಕ್ಕದ ಸೀಟಿನಲ್ಲಿ ಮೊದಲು ಕೂರುವವನು ನಾನೇ ಎಂದು ಅವನು ಊರಿಗೆಲ್ಲ ಹೇಳಿಬಿಟ್ಟಿದ್ದ.

ಅಂದಿನಿಂದ ಮುಗಳಖೋಡಕ್ಕೆ ಹೋಗುವ ಬಸ್ಸಿನಲ್ಲಿ ಕೂತರೂ ಕಿಟಕಿಯಾಚೆ ವಿಮಾನ ಇಳಿಸಲು ಬರುವಂಥ ಜಾಗ ಹುಡುಕುತ್ತಿದ್ದೆ. ಎತ್ತ ನೋಡಿದರೂ ಆಳೆತ್ತರದ ಕಬ್ಬು, ಕಬ್ಬಿನ ಮೇಲೆ ಕರೆಂಟಿನ ತಂತಿ. ನಮ್ಮ ಸೀಮೆ ಇಷ್ಟು ಹಸಿರಾಗಿದೆಯಲ್ಲ ಎಂದು ಹೆಮ್ಮೆಪಡುತ್ತಿದ್ದವನಿಗೆ ಒಂದು ತುಂಡು ಬರಡು ನೆಲ ಕಂಡರೆ ಜೀವ ತಂಪಾಗತೊಡಗಿತು.

ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ಬಿಡಿಸಿ, ಪ್ಯಾನೆಲ್ಲಿನ ನಮೂನೆಯೆಂದು ಸೀಟಿನ ಮುಂದೆ ಕಟ್ಟಿದೆವು. ಅಪ್ಪಾಸಾಹೇಬನ ಹೆಂಡತಿ ಸುನಂದಾ ವೈನಿಯ ಡಬ್ಬಿ ಮುಚ್ಚಳಗಳೇ ಮೀಟರುಗಳಾದವು. "ಭಾವೂಜಿ, ಸಕ್ಕರಿ ಡಬ್ಬಿ ಮುಚ್ಚಳ ಆಕಾಶಕ್ಕ ಹೋಗೂದಿದ್ರ ಮೊದಲ ಹೇಳ್ರಿ. ಇಲ್ಲಿ ಇರಿವಿ ಹೊಕ್ಕಾವ" ಎಂದು ಅವರು ಬಾಗಿಲಲ್ಲಿ ನಿಂತು ಕೂಗಿದರು.

ವೇಗದ್ದು ಎಡಕ್ಕೆ, ಎತ್ತರದ್ದು ಬಲಕ್ಕೆ ಎಂದು ನಾನು ಗಟ್ಟಿಯಾಗಿ ಹೇಳಿದೆ. ಸೈಬರ್ ಕೆಫೆಯಿಂದ ತಂದ ಪ್ರಿಂಟಿನಲ್ಲೂ ಹಾಗೇ ಇತ್ತು. ಸಮಾಧಾನವಾಗುವ ಬದಲು ದಿಗಿಲಾಯಿತು. ಇದು ನನಗೆ ಮೊದಲೇ ನೆನಪಿತ್ತೋ, ಪ್ರಿಂಟು ನೋಡಿದ್ದರಿಂದ ನೆನಪಿದ್ದಂತೆ ಅನಿಸಿತೋ? ನಮ್ಮ ಹಳೆಯ ನ್ಯಾಯದರ್ಶನದ ತರ್ಕಪಂಡಿತರು ಕಂಡದ್ದನ್ನು ಒಪ್ಪುತ್ತಾರೆ, ಊಹಿಸಿದ್ದನ್ನೂ ಒಪ್ಪುತ್ತಾರೆ, ನೆನಪನ್ನು ಮಾತ್ರ ಪ್ರಮಾಣದ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಅವರಾರೂ ವಿಮಾನ ಹತ್ತಿದವರಲ್ಲ. ಆದರೂ ಹುಷಾರಿನ ಮಂದಿ.

ಕೊನೆಗೆ ಉಳಿದವು ಎರಡು ಗುಂಡಿಗಳು. ಒಂದು ಥ್ರಾಟಲ್: ಒಳಗೆ ತಳ್ಳಿದರೆ ಎಂಜಿನ್ ಜೋರಾಗುತ್ತದೆ, ಹೊರಗೆ ಎಳೆದರೆ ಮೆತ್ತಗಾಗುತ್ತದೆ. ಇನ್ನೊಂದನ್ನು ಎಳೆದರೆ ಪೆಟ್ರೋಲು ನಿಂತು ಎಂಜಿನ್ ಪೂರ್ತಿ ಬಂದ್. ಅಪ್ಪಾಸಾಹೇಬ ಎರಡನ್ನೂ ಒಟ್ಟಿಗೇ ಕೂರಿಸಿದ್ದ. "ಜೋಡಿ ಹೆಂಗ ಚಂದ ಕಾಣತೈತಿ ನೋಡಲೇ" ಅಂದ. ನನಗೇಕೋ ಆ ಚಂದ ಸರಿಬರಲಿಲ್ಲ. ಅವನ ಕಣ್ಣಿಗೆ ಟವೆಲ್ ಕಟ್ಟಿ ಕೂರಿಸಿ, ಒಮ್ಮೆಲೇ ಚೀರಿದೆ:

"ಲೇ ಅಪ್ಪಾ, ಎಂಜಿನ್ ಸೊರಗಾಕತ್ತೈತಿ! ಮುಂದ ವಾಯರ್ ಬಂತು!"

ಅವನ ಕೈ ಸರ್ರನೆ ಹೋಗಿ ಎರಡೂ ಗುಂಡಿಗಳನ್ನು ರಟ್ಟಿನ ಸಮೇತ ಎಳೆದುಕೊಂಡಿತು.

"ಏನ್ ಮಾಡಿದಿ?"

"ಎಳದ್ನಿ. ಟ್ರಾಲಿ ಕೆಸರಾಗ ಸಿಕ್ರ ಎಕ್ಸಲೇಟರ್ ಎಳೀತೀವಲ್ಲೋ, ಹಂಗ."

ಟ್ರ್ಯಾಕ್ಟರಿನಲ್ಲಿ ಕೈಯ ಎಕ್ಸಲೇಟರ್ ತನ್ನತ್ತ ಎಳೆದರೆ ಎಂಜಿನ್ ಗುಡುಗುತ್ತದೆ. ಕಬ್ಬಿನ ಸೀಮೆಯ ಕೈಗೆ ಗೊತ್ತಿರುವುದು ಅದೊಂದೇ. ಕ್ಲಬ್ಬಿನ ಪಾಠವೆಲ್ಲ ತಲೆಯಲ್ಲಿತ್ತು, ತಲೆಯನ್ನು ಕೇಳುವಷ್ಟು ಪುರುಸೊತ್ತು ಕೈಗಿರಲಿಲ್ಲ.

"ಅಂದ್ರ ಏನಾತ್ರಿ ಭಾವೂಜಿ?" ಚಹಾ ತಂದಿದ್ದ ವೈನಿ ಕೇಳಿದರು. ದನಿಯಲ್ಲಿ ನಗೆ ಇರಲಿಲ್ಲ.

"ಎಂಜಿನ್ ಬಂದ್ ಆತ್ರಿ."

ಅವರು ಚಹಾದ ತಟ್ಟೆಯನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲಿಟ್ಟು ಗಂಡನ ಮುಖವನ್ನೇ ನೋಡುತ್ತ ನಿಂತರು.

ಆಮೇಲೆ ಅಪ್ಪಾಸಾಹೇಬ ಸಿಟ್ಟಿನಿಂದ ಟವೆಲ್ಲನ್ನು ನನ್ನ ಕಣ್ಣಿಗೆ ಕಟ್ಟಿದ. ವೈನಿ ಹಿಂದಿನಿಂದ ಬಂದು, ನಾನು ಬೆಚ್ಚಿಬೀಳುವಂತೆ ತಗಡು ಬಾರಿಸಿದರು. ನನ್ನ ಬಲಗೈ ಗಾಳಿಯಲ್ಲಿ ತಿರುಚಿಕೊಂಡಿತು, ಎಡಗೈ, ಅಲ್ಲಿಲ್ಲದ ಹಿಡಿಯೊಂದನ್ನು ಬಿಗಿಯಾಗಿ ಒತ್ತಿತು. ನಿತ್ಯ ಸ್ಕೂಟರಿನಲ್ಲಿ ಕಾಲೇಜಿಗೆ ಪಾಠ ಹೇಳಲು ಹೋಗುವವನ ಕೈಗಳು! "ಮಂದಿ ಬರ್ರೆಪಾ, ಪ್ರೊಫೆಸರ್ ವಿಮಾನಕ್ಕ ಕ್ಲಚ್ ಹಚ್ಯಾನ" ಎಂದು ಅಪ್ಪಾಸಾಹೇಬ ಹೊಟ್ಟೆ ಹಿಡಿದುಕೊಂಡ. ನನಗೆ ನಗು ಬರಲಿಲ್ಲ. ತಲೆಯ ನೆನಪನ್ನು ಸಂಶಯಿಸುತ್ತ ಅರ್ಧ ಆಯುಷ್ಯ ಕಳೆದಿದ್ದೆ. ಕೈಗೂ ಒಂದು ನೆನಪಿದೆ, ಅದಕ್ಕೆ ಸಂಶಯವೆಂಬುದೇ ಇಲ್ಲ ಎಂದು ಯಾವ ಪುಸ್ತಕವೂ ನನ್ನನ್ನು ಇಷ್ಟು ಹೆದರಿಸಿ ಹೇಳಿರಲಿಲ್ಲ.

ನಿಲ್ಲಿಸುವ ಗುಂಡಿಯನ್ನು ಕಿತ್ತು ಬಲತುದಿಗೆ ಒಯ್ದೆ. ಬೇಕೆಂದರೆ ಅವನು ಬಾಗಿ, ನೋಡಿ, ಎಳೆಯಬಹುದು; ಗಾಬರಿಯ ಕೈಗೆ ಅದು ಸಿಗುವುದಿಲ್ಲ. ಥ್ರಾಟಲ್ಲನ್ನು ತಪ್ಪಾಗಿ ಎಳೆದರೂ ಎಂಜಿನ್ ಸಾಯುವುದಿಲ್ಲ, ಮತ್ತೆ ತಳ್ಳಬಹುದು. ಅಪ್ಪಾಸಾಹೇಬ ದಿಟ್ಟಿಸಿ ನೋಡಿ, "ಈಗ ಅದು ನಿನ್ನ ಮೊಣಕಾಲ ಮುಂದ ಬಂತಲ್ಲೋ" ಅಂದ. ನಾನು ವೈನಿಯತ್ತ ತಿರುಗಿದೆ. "ವೈನಿ, ನಾ ಹೆದರಿ ಎಳದ್ರ?"

"ನೀವಾ? ಎಳೀಬೇಕೋ ಬ್ಯಾಡೋ ಅಂತ ನೀವು ವಿಚಾರ ಮಾಡೂದ್ರಾಗ ಇವರು ವಿಮಾನ ಇಳಿಸಿ, ಊಟಾ ಮಾಡಿ, ಮಲಗಿರ್ತಾರ."

ಹೊಗಳಿಕೆಯೋ ಬೈಗುಳವೋ ಇನ್ನೂ ತೀರ್ಮಾನಿಸಿಲ್ಲ. ಆದರೆ ನಾನು ಅವನ ಪಕ್ಕದಲ್ಲಿ ಕೂತ ದಿನ, ವಿಮಾನ ನೆಲ ಬಿಟ್ಟು, ಕಬ್ಬು, ತಂತಿಗಳೆಲ್ಲ ಕೆಳಗೆ ಸರಿದಾಗ, ಎಂಜಿನ್ ಒಮ್ಮೆ ಕೆಮ್ಮಿತು. ಅಪ್ಪಾಸಾಹೇಬನ ಕೈ ಥ್ರಾಟಲ್ಲನ್ನು ಎಳೆಯಿತು, ತಡೆದು ನಿಂತಿತು, ತಳ್ಳಿತು. ಎಂಜಿನ್ ಮತ್ತೆ ಗುಡುಗಿತು. ನನ್ನ ಕೈಗಳು ಏನು ಮಾಡಿದವು ಎಂದು ಕೇಳಬೇಡಿ. ಅವಕ್ಕೆ ಏನೂ ಮಾಡಲು ಬರುವಂತಿರಲಿಲ್ಲ. ಮನುಷ್ಯ ತನ್ನ ಕೈಗಳನ್ನು ಅರಿತಿರಬೇಕು. ಅರಿಯದಿದ್ದರೆ, ನನ್ನ ಹಾಗೆ, ಅವುಗಳ ಮೇಲೆ ಕೂತಿರಬೇಕು.